ಕೂದಲು ದಟ್ಟವಾಗಿದೆ, ಚರ್ಮಕ್ಕೆ ಮಾತ್ರ ಏನಾಗಿದೆ?

ಪ್ರಶ್ನೆ: ನನ್ನ ಮಗನಿಗೆ ಎರಡು ವರ್ಷ. ಚಪ್ಪಲಿ ಸ್ವಲ್ಪ ಉಜ್ಜಿದರೂ ಕಾಲಲ್ಲಿ ನೀರುಗುಳ್ಳೆ ಏಳುತ್ತದೆ. ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಪರೀಕ್ಷೆ ಮಾಡಿಸಿದಾಗ ಕೆರಾಟಿನ್ 14ರ ಜೀನ್‌ನಲ್ಲಿ ದೋಷವಿದೆ ಎಂದರು. ಕೆರಾಟಿನ್ ಇರುವುದು ಕೂದಲು, ಉಗುರಿನಲ್ಲಿ ಅಲ್ವಾ? ಅವನ ಕೂದಲು ದಟ್ಟವಾಗಿಯೇ ಇದೆ. ಕೆರಾಟಿನ್ ಕ್ರೀಮ್ ಹಚ್ಚಿದರೆ ಸರಿಹೋದೀತೇ?

ಉತ್ತರ: ಕ್ರೀಮಿನ ದುಡ್ಡು ಉಳಿಸಿ. ಡಬ್ಬದಲ್ಲಿರುವ ಕೆರಾಟಿನ್ ಚರ್ಮದ ಮೇಲೆಯೇ ಉಳಿಯುತ್ತದೆ. ನಿಮ್ಮ ಮಗುವಿನ ತೊಂದರೆ ಇರುವುದು ಜೀವಂತ ಕೋಶದ ಒಳಗೆ.

ಕೆರಾಟಿನ್ ಎಂಬ ಪ್ರೋಟೀನಿನಲ್ಲಿ ಹಲವು ಬಗೆ. ಮನುಷ್ಯರಲ್ಲಿ ಅದಕ್ಕೆ 54 ಜೀನ್‌ಗಳಿವೆ. ಕೂದಲಿಗೆ ಬೇರೆಯವು, ಲಿವರ್ ಕೋಶಗಳಿಗೆ ಕೆರಾಟಿನ್ 8 ಮತ್ತು 18, ಚರ್ಮದ ತಳಪದರಕ್ಕೆ 5 ಮತ್ತು 14. ಹಾಗಾಗಿ ಕೂದಲಿಗೇನೂ ಆಗಿಲ್ಲ.

ಗಮನಿಸಿ, ಎಲ್ಲ ಕಡೆ ಜೋಡಿ. ಒಂಟಿ ಕೆರಾಟಿನ್ ಎಳೆ ಕಟ್ಟುವುದಿಲ್ಲ. ಎರಡು ಬೇರೆ ಬೇರೆ ಗುಂಪಿನ ಒಂದೊಂದು ಸೇರಿ, ಹಗ್ಗ ಹೊಸೆದಂತೆ ಸುತ್ತಿಕೊಳ್ಳಬೇಕು. ಅಂಥ ಎರಡು ಜೋಡಿ ಹಿಂದುಮುಂದಾಗಿ ಕೂಡುತ್ತವೆ. ಹೀಗೆ ಕೂಡುತ್ತಾ ಕೂಡುತ್ತಾ ಸುಮಾರು 10 ನ್ಯಾನೊಮೀಟರ್ ದಪ್ಪದ ಎಳೆಯಾಗುತ್ತದೆ. ಈ ಎಳೆಯನ್ನು ಅದರ ಉದ್ದದ ಎರಡು ಪಟ್ಟು ಜಗ್ಗಿದರೂ ತುಂಡಾಗುವುದಿಲ್ಲ.

ಎಳೆಗಳ ಈ ಬಲೆ ಕೋಶದ ಕೇಂದ್ರದ ಸುತ್ತಿನಿಂದ ಅಂಚಿನವರೆಗೆ ಹರಡಿದೆ. ಅಂಚಿನಲ್ಲಿ ಡೆಸ್ಮೋಸೋಮ್ ಎಂಬ ಕೊಂಡಿಗಳಿಗೆ ಬಿಗಿದಿದೆ. ಪಕ್ಕದ ಕೋಶದ ಎಳೆಗಳೂ ಅದೇ ಕೊಂಡಿಗೆ ಬಂದು ಸೇರುತ್ತವೆ. ತಳದಲ್ಲೂ ಇಂಥದ್ದೇ ಕೊಂಡಿಗಳು ಕೋಶವನ್ನು ಕೆಳಗಿನ ಪೊರೆಗೆ ಹಿಡಿದಿಡುತ್ತವೆ. ಚಪ್ಪಲಿ ಉಜ್ಜಿದಾಗ ಆ ಎಳೆತ ಒಂದೇ ಕೋಶದ ಮೇಲೆ ಬೀಳದೆ ನೂರಾರು ಕೋಶಗಳಿಗೆ ಹಂಚಿಹೋಗುತ್ತದೆ.

ನಿಮ್ಮ ಮಗನಲ್ಲಿ ಈ ಬಲೆಯೇ ದುರ್ಬಲ. ಇಂಥ ಚರ್ಮವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಲವರಲ್ಲಿ ಎಳೆಗಳು ಮುದ್ದೆಗಟ್ಟಿರುವುದು ಕಾಣುತ್ತದೆ. ಉಜ್ಜಿದಾಗ ತಳಪದರದ ಕೋಶವೇ ಹರಿಯುತ್ತದೆ, ಆ ಸೀಳಿನಲ್ಲಿ ನೀರು ತುಂಬುತ್ತದೆ. ಕೊಂಡಿ ಗಟ್ಟಿ, ಒಳಗಿನ ಎಳೆ ಸೊರಗಿದೆ. ಈ ಕಾಯಿಲೆಗೂ ಕೆರಾಟಿನ್‌ಗೂ ಇರುವ ನಂಟು 1991ರಲ್ಲಿ ಗೊತ್ತಾಯಿತು. ಹೆಸರು ಎಪಿಡರ್ಮೊಲೈಸಿಸ್ ಬುಲ್ಲೋಸಾ ಸಿಂಪ್ಲೆಕ್ಸ್. ಅನುಭವಿಸುವವರಿಗೆ ಅದು ಅಷ್ಟೇನೂ ‘ಸಿಂಪಲ್’ ಅಲ್ಲ ಬಿಡಿ!

ಈ ಜೀನ್‌ನ ಎರಡು ಪ್ರತಿಗಳಿರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಸಾಮಾನ್ಯವಾಗಿ ಅದರಲ್ಲಿ ಒಂದು ಕೆಟ್ಟರೂ ಸಾಕು. ಕೆಟ್ಟ ಪ್ರೋಟೀನು ಒಳ್ಳೆಯದರ ಜೊತೆ ಬೆರೆತು ಇಡೀ ಎಳೆಯನ್ನೇ ಹಾಳು ಮಾಡುತ್ತದೆ. ಅಪ್ಪ ಅಮ್ಮ ಇಬ್ಬರಿಗೂ ಇಲ್ಲದಿದ್ದರೂ ಮಗುವಿನಲ್ಲಿ ಹೊಸದಾಗಿ ಬರಬಹುದು. ಕೆರಾಟಿನ್ 14ರ ಕೆಲವು ದೋಷಗಳು ಮಾತ್ರ ಎರಡೂ ಕಡೆಯಿಂದ ಬಂದರಷ್ಟೇ ಕಾಡುತ್ತವೆ. ನಿಮ್ಮದು ಸೋದರಸಂಬಂಧದ ಮದುವೆಯಾಗಿದ್ದರೆ, ಮುಂದಿನ ಮಗುವಿಗೆ ಮುಂಚೆ ಜೆನೆಟಿಕ್ ಕೌನ್ಸೆಲಿಂಗ್ ಖಂಡಿತ ಮಾಡಿಸಿ.

ಜೀನ್ ಸರಿಪಡಿಸುವ ಔಷಧಿ ಇದಕ್ಕೆ ಇನ್ನೂ ಬಳಕೆಗೆ ಬಂದಿಲ್ಲ. ಆದರೆ ಗುಳ್ಳೆಗಳು ಹೆಚ್ಚಾಗಿ ಕಲೆ ಬಿಡದೆ ಮಾಯುತ್ತವೆ, ಹಲವರಲ್ಲಿ ವಯಸ್ಸಾದಂತೆ ಕಡಿಮೆಯೂ ಆಗುತ್ತವೆ. ಗುಳ್ಳೆಯನ್ನು ಸುಮ್ನೆ ಬಿಟ್ಟರೆ ಅಗಲವಾಗುತ್ತಾ ಹೋಗುತ್ತದೆ. ಸ್ಟೆರೈಲ್ ಸೂಜಿಯಿಂದ ಚುಚ್ಚಿ ನೀರು ತೆಗೆಯುವುದನ್ನು ಚರ್ಮವೈದ್ಯರ ಹತ್ತಿರ ಕಲಿತುಕೊಳ್ಳಿ, ಮೇಲಿನ ಸಿಪ್ಪೆ ಕೀಳಬೇಡಿ. ಹತ್ತಿ ಬಟ್ಟೆ ಹಾಕಿ, ಹೊಲಿಗೆ ಹೊರಗೆ ಬರುವಂತೆ ತಿರುಗಿಸಿ. ಅಂಟುವ ಪ್ಲಾಸ್ಟರ್ ಮಾತ್ರ ಬೇಡವೇ ಬೇಡ. ಕಿತ್ತರೆ ಚರ್ಮವೂ ಜೊತೆಗೆ ಬರುತ್ತದೆ.