ವಾಯುಪಡೆ ಇತಿಹಾಸದ ಪುಸ್ತಕ ಅಚ್ಚು ಹಾಕಿಸಲು ದುಡ್ಡು ಹೊಂದಿಸುವುದು ಹೇಗೆ?

ಕೊಡಗಿನ ಯುದ್ಧವಿಮಾನ ಪೈಲಟ್‌ಗಳ ಬಗ್ಗೆ ಬರೆದಿದ್ದೀರಿ, ಓದುವವರು ಕೆಲವೇ ನೂರು ಜನ, ಖರ್ಚು ಹೇಗೆ ಎಂದು ಕೇಳಿದ್ದೀರಿ.

ಮೊದಲು ಪ್ರತಿಗಳ ಲೆಕ್ಕ. ಆಫ್‌ಸೆಟ್‌ನಲ್ಲಿ, ಅಂದರೆ ಪ್ಲೇಟ್ ಮಾಡಿ ಅಚ್ಚು ಹಾಕುವ ವಿಧಾನದಲ್ಲಿ, ಎಷ್ಟೇ ಪ್ರತಿ ಇರಲಿ ಪ್ಲೇಟ್ ಖರ್ಚು ಮೊದಲೇ ಬೀಳುತ್ತದೆ. 100 ಪ್ರತಿ ಸಾಕು ಅಂದರೆ ಡಿಜಿಟಲ್ ಪ್ರಿಂಟೇ ಸರಿ.

ಈ ಬಗೆಯ ಪುಸ್ತಕದಲ್ಲಿ ದುಡ್ಡು ಜಾಸ್ತಿ ತಿನ್ನುವುದು ಫೋಟೊ. ಎಲ್ಲ ಪುಟಕ್ಕೂ ನುಣುಪಾದ ಆರ್ಟ್ ಪೇಪರ್ ಬೇಡ. 16 ಪುಟಗಳ ಒಂದು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು) ಮಾತ್ರ ಅದರಲ್ಲಿ ಹಾಕಿಸಿ, ಫೋಟೊಗಳನ್ನೆಲ್ಲ ಅಲ್ಲಿಗೇ ಸೇರಿಸಿ. ವಿದೇಶದ ಸಂಗ್ರಹಾಲಯಗಳಿಂದ ತಂದರೆ ಹಕ್ಕಿನ ಶುಲ್ಕವೂ ಸೇರುತ್ತದೆ. ಕೊಡವ ಕುಟುಂಬಗಳ ಮೂಲಮನೆಗಳಾದ ಐನ್‌ಮನೆಗಳ ಗೋಡೆ ಮೇಲೆ, ಟ್ರಂಕಿನೊಳಗೆ ಫೋಟೊ, ಹಾರಾಟದ ಲಾಗ್‌ಬುಕ್ ಇರುತ್ತವೆ ಅಲ್ವಾ? ಅವನ್ನು ಕೇಳಿ, ಒಪ್ಪಿಗೆ ಬರೆಸಿಕೊಳ್ಳಿ.

ಉಳಿಸಿದ್ದನ್ನು ಸಂಶೋಧನೆಗೆ ಹಾಕಿ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರನ್ನೇ ನೋಡಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ, ಹಳೆಯ ಮಿಸ್ಟೇರ್ ವಿಮಾನದಿಂದ ಶಬ್ದಕ್ಕಿಂತ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ವಿಮಾನ ಒಂದನ್ನು ಉರುಳಿಸಿದರು. ಮರಳಿ ಬರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಪಾಕಿಸ್ತಾನದ ಕಡೆಯ ವಿವರ ಹೊರಬಿದ್ದ ಎಷ್ಟೋ ಕಾಲದ ಮೇಲೆ. ಎರಡೂ ಕಡೆಯ ದಾಖಲೆ ಹೋಲಿಸದೆ ಒಂದು ಸಾಲನ್ನೂ ಅಚ್ಚಿಗೆ ಕೊಡಬೇಡಿ.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ದುಡ್ಡು ಕೊಡಬೇಕಿಲ್ಲ, ಕೇಂದ್ರ ಸರ್ಕಾರದ ಸಂಸ್ಥೆ ಉಚಿತವಾಗಿ ಕೊಡುತ್ತದೆ.

ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಊರಿಗೆ ಬಂದವರಿಂದ ರಿಯಾಯಿತಿ ದರದಲ್ಲಿ ಮುಂಗಡ ಪಡೆಯಿರಿ. ಕಾಫಿ ಕುಯ್ಲು ಮುಗಿದ ಮೇಲೆ ಅಚ್ಚು ಹಾಕಿಸಿ, ಮೇ ಒಳಗೆ ಎಲ್ಲರಿಗೂ ಕಳಿಸಿಬಿಡಿ. ನಮ್ಮ ಮಳೆಗಾಲದ ತೇವಕ್ಕೆ ಉಳಿದ ಪ್ರತಿಗಳು ಬೂಷ್ಟು ಹಿಡಿಯುತ್ತವೆ.