ಸೀರೆ ಕುಚ್ಚಿನಿಂದ ಶುರು ಮಾಡಿ

ಮಡಿಕೇರಿಯಲ್ಲಿ ಕೂತು ಕ್ರೋಶಾ ಹೆಣೆದು ಮಾರಿದರೆ ನಾಲ್ಕು ಕಾಸು ಸಿಗುತ್ತಾ ಅಂತ ಕೇಳಿದ್ದೀರಿ. ಸಿಗುತ್ತೆ, ಆದರೆ ಗೊಂಬೆ, ಟೇಬಲ್ ಬಟ್ಟೆಗಿಂತ ಮೊದಲು ಸೀರೆ ಕುಚ್ಚು ಹಿಡಿಯಿರಿ. ಬಟ್ಟೆ ಗಿರಾಕಿಯದೇ, ನಿಮ್ಮ ಬಂಡವಾಳ ದಾರ, ಮಣಿ ಅಷ್ಟೇ. ಏಪ್ರಿಲ್, ಮೇನಲ್ಲಿ ಮದುವೆಗಳು ಜಾಸ್ತಿ, ಆರ್ಡರ್ ಅದಕ್ಕೂ ಮುಂಚೆಯೇ ಹಿಡಿಯಬೇಕು. ಟೈಲರ್ ಅಂಗಡಿಯಲ್ಲಿ ನಾಲ್ಕೈದು ಮಾದರಿ ಕೊಟ್ಟಿಡಿ. ಕೊಡವ ಶೈಲಿಯಲ್ಲಿ ನೆರಿಗೆ ಹಿಂದಕ್ಕೆ ಹೋಗಿ ಸೆರಗಿನ ತುದಿ ಬಲ ಹೆಗಲ ಮೇಲಿಂದ ಮುಂದಕ್ಕೆ ಬರುತ್ತಲ್ವಾ, ಕುಚ್ಚು ಎದುರಿಗೇ ಕಾಣುತ್ತೆ. ಉದ್ದ ಎಷ್ಟಿರಲಿ ಅಂತ ಉಡುವವರನ್ನೇ ಕೇಳಿ. ತುದಿಯ ಗಂಟು ಸಡಿಲ ಬಿಟ್ಟರೆ ಮೊದಲ ಒಗೆತಕ್ಕೇ ಬಿಚ್ಚಿಕೊಳ್ಳುತ್ತೆ.

ರೇಟು ಹೇಳುವಾಗ ಸಂಕೋಚ ಬೇಡ. ಗಂಟೆಗೆ 60 ರೂಪಾಯಿ ಅಂದುಕೊಂಡರೂ 5 ಗಂಟೆಯ ಕೆಲಸಕ್ಕೆ 300 ಆಯ್ತು, ಸಾಮಾನಿನ ಖರ್ಚು ಬೇರೆ. 'ಮನೇಲಿ ಸುಮ್ನೆ ಕೂತು ಮಾಡೋದು ತಾನೇ' ಅನ್ನುವವರಿಗೆ ಕಡಿಮೆ ಮಾಡಬೇಡಿ. ಅರ್ಧ ದುಡ್ಡು ಮುಂಗಡ ಇಸ್ಕೊಳ್ಳಿ.

ಹೋಂಸ್ಟೇಗಳಲ್ಲಿ ಇಡುವುದಾದರೆ ಕೀ ಚೈನ್, ಪುಟ್ಟ ಚೀಲದಂಥವು ಸಾಕು, ಪ್ರವಾಸಿಗರು ದೊಡ್ಡದು ಹೊತ್ತೊಯ್ಯಲ್ಲ. ನಮ್ಮ ಮಳೆಗಾಲದ ಶೀತಕ್ಕೆ ನೂಲಿಗೆ ಬೂಷ್ಟು ಹಿಡಿಯುತ್ತೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.