ಗೋ ಕೆಂಗ್ ಸ್ವೀ ಬಗ್ಗೆ ನೀವು ಕಳ್ಸಿದ ಲೇಖನ

ನಮಸ್ಕಾರ. ಸಿಂಗಾಪುರದ ಮಂತ್ರಿಯಾಗಿದ್ದ ಗೋ ಕೆಂಗ್ ಸ್ವೀ ಬಗ್ಗೆ ನೀವು ಬರ್ದಿದ್ದು ಓದ್ದೆ. ನೇರವಾಗಿ ಹೇಳ್ಬಿಡ್ತೀನಿ, ಈಗಿರೋ ಹಾಗೆ ಹಾಕಕ್ಕಾಗಲ್ಲ. 1918ರಲ್ಲಿ ಮಲಕ್ಕಾದಲ್ಲಿ ಹುಟ್ಟಿದ್ದು, ಲಂಡನ್ನಲ್ಲಿ ಪಿಎಚ್‌ಡಿ, 1959ರಲ್ಲಿ ಹಣಕಾಸು ಮಂತ್ರಿ, ಆಮೇಲೆ ರಕ್ಷಣೆ, ಶಿಕ್ಷಣ, ಉಪಪ್ರಧಾನಿ, 2010ರಲ್ಲಿ ನಿಧನ, ಎಲ್ಲಾ ಸರಿಯಾಗೇ ಇದೆ, ಆದ್ರೆ ಕೆಲಸಕ್ಕೆ ಅರ್ಜಿ ಹಾಕೋರ ಬಯೋಡೇಟಾ ಓದಿದಂಗಾಯ್ತು.

ಅವರು ಕಟ್ಟಿಸಿದ ಕೈಗಾರಿಕಾ ಪ್ರದೇಶ ಜುರಾಂಗ್‌ಗೆ ಒಂದೇ ಸಾಲು ಕೊಟ್ಟಿದೀರಿ, 'ಕೈಗಾರಿಕಾ ಕ್ರಾಂತಿ ಮಾಡಿದರು' ಅಂತ. ಅಯ್ಯೋ, ಕಥೆ ಇರೋದೇ ಅಲ್ಲಲ್ವಾ! ಜೌಗು ನೆಲ, ಸಿಗಡಿ ಹೊಂಡ, ಗುಡ್ಡ ಕಡಿದು ಮಣ್ಣು ತುಂಬ್ಸಿ ರಸ್ತೆ, ಕರೆಂಟು, ಬಂದರು ಎಲ್ಲಾ ಮಾಡಿದ್ರು, ಆದ್ರೆ ಶುರುವಿನ ವರ್ಷಗಳಲ್ಲಿ ಫ್ಯಾಕ್ಟರಿಯವರು ಅಂದ್ಕೊಂಡಷ್ಟು ಬರ್ಲೇ ಇಲ್ಲ, ಜನರ ದುಡ್ಡು ಸುರಿದಾಗಿದೆ, ಕೆಲಸ ಇಲ್ದಿರೋ ಹುಡುಗರು ಬೀದೀಲಿ, ಇದು ಕೊನೆಗೆ 'ಗೋ ಮಾಡಿದ ಹುಚ್ಚಾಟ' ಆದ್ರೂ ಆಗ್ಬಹುದು ಅಂತ ಅವರೇ ತಮಾಷೆ ಮಾಡಿದ್ರು. ಆ ಖಾಲಿ ಸೈಟುಗಳನ್ನ ನಂಗೆ ತೋರ್ಸಿ.

1965 ಕೂಡ ಅಷ್ಟೇ. ಮಲೇಷ್ಯಾ ಆಗ ತನ್ನ ಭಾಗವಾಗಿದ್ದ ಸಿಂಗಾಪುರವನ್ನ ಹೊರಗೆ ಹಾಕ್ತು ಅಂತ ಬರ್ದು ಮುಂದೆ ಹೋಗ್ಬಿಟ್ಟಿದೀರಿ. ಜುಲೈನಲ್ಲೇ ಕೌಲಾಲಂಪುರಕ್ಕೆ ಹೋಗಿ ಮಲೇಷ್ಯಾದ ಉಪಪ್ರಧಾನಿ ತುನ್ ರಜಾಕ್ ಜತೆ ಗುಟ್ಟಾಗಿ ಕೂತು ಬೇರೆಯಾಗೋ ಮಾತು ಆಡಿದ್ದು ಇದೇ ಗೋ, ರಜಾಕ್ ಬೇರೆ ಲಂಡನ್ನಲ್ಲಿ ಓದೋ ಕಾಲದಿಂದ ಪರಿಚಯ. ಆ ಕಾಗದಪತ್ರದ ಫೈಲಿಗೆ 'ಆಲ್ಬಟ್ರಾಸ್', ಅಂದ್ರೆ ಕುತ್ತಿಗೆಗೆ ಬಿದ್ದ ಹೊರೆ, ಅಂತ ಹೆಸರಿಟ್ಟಿದ್ರು. ಅಂದ್ರೆ ಹೊರಗೆ ಹಾಕಿಸ್ಕೊಂಡವರ ಕಡೆಯವರೇ ಬಾಗಿಲು ತೆಗೆದಿದ್ರು, ಇಂಥದ್ದನ್ನ ಬಿಟ್ಟು ಪದವಿಗಳ ಪಟ್ಟಿ ಯಾಕ್ರೀ?

ಇನ್ನೊಂದು, ಬರೀ ಹೊಗಳಿಕೆ. 'ದೂರದೃಷ್ಟಿಯ ನಾಯಕ' ಪ್ರತಿ ಪ್ಯಾರಾದಲ್ಲೂ ಬರುತ್ತೆ, ಎಲ್ಲಾ ಕಡೆ ಹೊಡೆದಾಕಿ. 1979ರ ಅವರ ಶಿಕ್ಷಣ ವರದಿ ಆದ್ಮೇಲೆ ಮೂರನೇ ಕ್ಲಾಸಿನ ಪುಟ್ಟ ಮಕ್ಕಳನ್ನ ಮಾರ್ಕ್ಸ್ ನೋಡಿ ಬೇರೆ ಬೇರೆ ಸ್ಟ್ರೀಮಿಗೆ, ಅಂದ್ರೆ ಓದಿನ ಗುಂಪಿಗೆ, ಹಾಕಿದ್ರು, ಅರ್ಧಕ್ಕೆ ಸ್ಕೂಲ್ ಬಿಡೋರು ಕಮ್ಮಿಯಾಗ್ಲಿ ಅನ್ನೋದು ಲೆಕ್ಕಾಚಾರ, ಒಪ್ಪೋಣ, ಆದ್ರೆ ಒಂಬತ್ತು ವರ್ಷಕ್ಕೇ ಕೆಳಗಿನ ಸ್ಟ್ರೀಮಿಗೆ ಬಿದ್ದ ಮಗುವಿನ ಮನೇಲಿ ಅವತ್ತು ಏನು ಮಾತಾಗಿರುತ್ತೆ? ಅದನ್ನೂ ಬರೀರಿ, ಗೋ ಏನೂ ಸಣ್ಣವರಾಗಲ್ಲ.

ನಿಮ್ಮ ಭಾಷೆ ಚೆನ್ನಾಗಿದೆ, ಸುಮ್ನೆ ಹೇಳ್ತಿಲ್ಲ. ಹುಟ್ಟು-ಓದು ಎರಡು ಸಾಲಲ್ಲಿ ಮುಗ್ಸಿ, ಜುರಾಂಗ್‌ನಿಂದ ಶುರು ಮಾಡಿ, ಕಡೇ ಪ್ಯಾರಾದಲ್ಲಿರೋ 'ನಮ್ಮ ರಾಜಕಾರಣಿಗಳು ಕಲಿಯಬೇಕು' ಭಾಷಣ ಪೂರ್ತಿ ತೆಗ್ದು ಇನ್ನೊಂದ್ಸಲ ಕಳ್ಸಿ, ನಾನೇ ಓದ್ತೀನಿ.